ಮಾನದುರ್ಗದ ಎಮ್ಮಿ

ಪಂಪಾಪತಿ ಮಾಸ್ತರಿಗೆ ಇಂಗ್ಲಿಷು ಬರ್ತಿತ್ತು, ಆದ್ರ ಬಾಯಿಗೆ ಬರ್ತಿದ್ದಿಲ್ಲ. ಕಣ್ಣಿಗೆ ಬರ್ತಿತ್ತು, ಕೈಗೆ ಬರ್ತಿತ್ತು, ಹಲಗಿ ಮ್ಯಾಲ ಮುತ್ತು ಪೋಣಿಸಿದಂಗ ಬರ್ತಿತ್ತು. ಆದ್ರ ಯಾರರೆ ಎದುರಿಗೆ ಬಂದು "ಹೌ ಆರ್ ಯು" ಅಂದ್ರ ಸಾಕು, ಮಾಸ್ತರು ಕೈಗಡಿಯಾರ ನೋಡಿ "ಬಸ್ ಅದರಿ" ಅಂತ ಹೊಂಟುಬಿಡ್ತಿದ್ರು. ದೇವದುರ್ಗ ತಾಲೂಕಿನಾಗ, ಗಬ್ಬೂರು ಕಡಿ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರು ಅವರು. ಮನಿ ರಾಯಚೂರಿನಾಗ. ದಿನಾ ಬಸ್ಸಿಗೆ ಬರೋದು, ಬಸ್ಸಿಗೆ ಹೋಗೋದು. ಹಿಂಗಾಗಿ ಬಸ್ಸು ಅನ್ನೋದು ಅವರ ಎಲ್ಲಾ ಕಷ್ಟಕ್ಕೂ ಆಗಿಬರೋ ನೆಪ ಆಗಿತ್ತು.

ಕುಂತಲ್ಲಿ ಕುಂದ್ರೋ ಜೀವ ಅಲ್ಲ ಅದು. ಪಾಠ ಮಾಡೋವಾಗ ಹೆಗಲಾಗ ಚೀಲ, ಉಣ್ಣೋವಾಗ ಒಂದು ಕಾಲು ಹೊರಗ. ಕನ್ಯಾ ನೋಡಾಕ ಹೋದ್ರೂ ಅಷ್ಟ. ಹುಡುಗಿ ಚಾ ತಗೊಂಡು ಹೊರಗ ಬರೋದು, ಇವರು ಎದ್ದು ನಿಂತು "ಬರ್ತೀನ್ರಿ, ಬಸ್ ಹೋಗ್ತದ" ಅನ್ನೋದು. ಆ ಮನಿಯವರು ತಮ್ಮ ಹುಡುಗಿ ಮನಸಿಗೆ ಬರಲಿಲ್ಲ ಅಂತ ತಿಳ್ಕೊಂಡು ಸಿಟ್ಟಾಗೋದು. ಮೂವತ್ತಾರು ತುಂಬಿದ್ರೂ ಮಾಸ್ತರ ಹಣಿಮ್ಯಾಲ ಬಾಸಿಂಗ ಕುಂತಿದ್ದಿಲ್ಲ.

ಅಂಥವರ ಕೊಳ್ಳಿಗೆ ಈ ವರ್ಷ ಒಂದು ಊರು ಬಂದು ಬಿತ್ತು.

ಮ್ಯಾಲಿನಿಂದ ಹುಕುಂ ಬಂದಿತ್ತು. ಮಕ್ಕಳು ಇಂಗ್ಲಿಷನ್ನ ತಮ್ಮಷ್ಟಕ್ಕ ತಾವ ಕಲೀಬೇಕು, ಅದಕ್ಕ ಕಂಪ್ಯೂಟರಿನೊಳಗ ಒಂದು ಊರು ಕಟ್ಟಬೇಕು, ಎರಡು ಸಾಲಿ ಹುಡುಗರು ಕೂಡಿ ಶನಿವಾರಕ್ಕೊಮ್ಮೆ ಆ ಊರಾಗ ಬಾಳ್ವಿ ಮಾಡಬೇಕು. ಒಬ್ಬೊಬ್ಬರಿಗೆ ಪರದಿ ಮ್ಯಾಲ ಒಂದೊಂದು ಗೊಂಬಿ. ಗುಂಡಿ ಒತ್ತಿದ್ರ ಗೊಂಬಿ ನಡೀತದ, ಮನಿ ಕಟ್ತದ, ಅಂಗಡಿ ತೆರೀತದ. ನಾವು ಟೈಪ್ ಮಾಡಿದ್ದು ಅದರ ತಲಿ ಮ್ಯಾಲ ಮಾತಾಗಿ ಮೂಡ್ತದ. ಮಾಸ್ತರುಗಳು ಅಲ್ಲಿ ಕಲಿಸಂಗಿಲ್ಲ. ತಾವೂ ಒಂದು ಗೊಂಬಿ ಆಗಿ ತಿರುಗಬೇಕು, ಹುಡುಗರು ಹೇಳಿದಂಗ ಕೇಳಬೇಕು. ಹೆಡ್ ಮಾಸ್ತರು ವಿಠ್ಠಲಾಚಾರ್ಯರು ಹುಕುಂ ಓದಿ, ಚಷ್ಮಾ ತಗದು, "ಹುಡುಗರ ಕಲಿಸ್ತಾರಂದ್ರ ಪಗಾರ ಯಾರಿಗೆ ಅನ್ನೋದೊಂದು ಬರದಿಲ್ಲ ನೋಡ್ರಿ ಇದರಾಗ" ಅಂದ್ರು.

ಮಾನ್ವಿಯ ಒಂದು ಸಾಲಿ ಜೋಡಿ ಆತು. ಮಾನ್ವಿ ಹುಡುಗರು, ದೇವದುರ್ಗ ಕಡಿ ಹುಡುಗರು ಜಗಳಾಡಿ, ರಾಜಿ ಆಗಿ, ಊರಿಗೆ ಮಾನದುರ್ಗ ಅಂತ ಹೆಸರಿಟ್ರು. ಎಲೆಕ್ಷನ್ ಮಾಡಿ ಮಾನ್ವಿ ಕಡಿಯ ಒಂಬತ್ತನೇ ಕ್ಲಾಸಿನ ಮೆಹನಾಜ್‌ಳನ್ನ ಊರ ಅಧ್ಯಕ್ಷಿ ಮಾಡಿದ್ರು. ಆ ಹುಡುಗಿ ಕುರ್ಚಿ ಮ್ಯಾಲ ಕುಂತಾಕಿನ ಕಾಯ್ದೆ ತಂದ್ಲು. ಊರಾಗ ಬರೇ ಇಂಗ್ಲಿಷು. ಅದೂ ಕನ್ನಡದಾಗ ವಿಚಾರ ಮಾಡಿ ಇಂಗ್ಲಿಷಿನಾಗ ಸುರುವಂಗಿಲ್ಲ. ಇಂಗ್ಲಿಷಿನಾಗ ಏನು ಅಂದೀರೋ ಅದ ಅರ್ಥ, ಹೊರತು ನಿಮ್ಮ ಮನಸಿನಾಗ ಏನಿತ್ತು ಅಂತ ಯಾರೂ ಕೇಳಂಗಿಲ್ಲ. ತಪ್ಪಿದವರ ಗೊಂಬಿ ಕ್ಲಾಸು ಮುಗಿಯೋತನಕ ಎಮ್ಮಿ ಆಗಬೇಕು.

ಮೊದಲನೇ ಶನಿವಾರ ಪಂಪಾಪತಿ ಮಾಸ್ತರು ಊರಾಗ ಕಾಲಿಟ್ಟು, ಎದುರು ಬಂದವರಿಗೆಲ್ಲ ಊಟ ಆತೇನ್ರಿ ಅನ್ನೋ ಧಾಟಿಯಾಗ "ಈಸ್ ಯುವರ್ ಮೀಲ್ ಓವರ್?" ಅಂತ ಕೇಳಿದ್ರು. ಮೆಹನಾಜ್‌ಳ ಗೊಂಬಿ ದಬದಬ ಬಂದು ನಿಂತಿತು. "ಸರ್, ವೈ ಡು ಯು ವಾಂಟ್ ಟು ನೋ?" ಅಂದ್ಲು. ಮಾಸ್ತರ ಗೊಂಬಿ ಎಮ್ಮಿ ಆತು. ಕೊಂಬು ಮೂಡಿದ್ವು. ಕ್ಲಾಸಿನಾಗಿನ ಹುಡುಗರು ಹೊಟ್ಟಿ ಹಿಡ್ಕೊಂಡು ನಕ್ಕರು.

ಅವಮಾನ ಆತು ಖರೆ, ಆದ್ರ ಮಾಸ್ತರು ಎದ್ದು ಓಡಲಿಲ್ಲ. ಯಾಕಂದ್ರ ಆ ಊರಾಗ, ಕೆರಿ ದಂಡಿಗೆ, ನೀಲಿ ಬಾಗಲದ್ದೊಂದು ಮನಿ ಇತ್ತು. ಮಾನ್ವಿ ಸಾಲಿಯ ಇಂಗ್ಲಿಷ್ ಟೀಚರು ಸ್ವಪ್ನಾ ಅವರು ಕಟ್ಟಿದ ಮನಿ. ಎಮ್ಮಿ ಆದ ಮಾಸ್ತರು ಆ ಬಾಗಲದಾಗ ಹೋಗಿ ನಿಂತಾಗ ಟೀಚರು ನಗಲಿಲ್ಲ. "ಪ್ಲೀಸ್ ಕಮ್ ಇನ್, ಮೈಂಡ್ ಯುವರ್ ಹಾರ್ನ್ಸ್" ಅಂದ್ರು. ಕೊಂಬು ತಾಗೀತು ಜ್ವಾಕಿ ಅಂತ. ಇಷ್ಟು ಮರ್ಯಾದಿಯಿಂದ ಯಾರೂ ಮಾಸ್ತರನ್ನ ಒಳಗ ಕರದಿದ್ದಿಲ್ಲ. ಪರದಿ ಮ್ಯಾಲ ಚಾ ಕೊಟ್ರು. ಮಾಸ್ತರು ಖುಷಿಯಾಗಿ, ಹೊಟ್ಟಿ ತಣ್ಣಗಾತು ಅಂತ ಹೇಳಾಕ ಹೋಗಿ "ಮೈ ಸ್ಟಮಕ್ ಬಿಕೇಮ್ ಕೋಲ್ಡ್" ಅಂದ್ರು. ಟೀಚರು ಅಧ್ಯಕ್ಷಿಗೆ ದೂರು ಹೇಳಲಿಲ್ಲ, "ಐ ಆಮ್ ಗ್ಲ್ಯಾಡ್" ಅಂದ್ರು. ಬಾಯಿಲೆ ಆಡಾಕಾಗದ್ದು ಮಾಸ್ತರ ಬೆರಳಿನಾಗ ಹರೀತಿತ್ತು. ಮಟಮಾರಿ ಊರಾಗಿನ ತಮ್ಮ ಸೋದರಮಾವನ ಸುದ್ದಿ, ಹುಡುಗರ ಸುದ್ದಿ, ತಮಗ ಒಬ್ಬರ ಉಣ್ಣಾಕ ಬ್ಯಾಸರ ಅನ್ನೋ ಸುದ್ದಿ, ಎಲ್ಲಾ ಹೇಳಿಬಿಟ್ರು. ಅವತ್ತಿನಿಂದ ಮಾಸ್ತರಿಗೆ ವಾರದಾಗ ಉಳಿದಿದ್ದು ಶನಿವಾರ ಒಂದ. ಆ ನೀಲಿ ಬಾಗಲ ಮುಚ್ಚಿದ್ರ ತಾವು ಬದುಕೋದು ಕಷ್ಟ ಅನ್ನೋದು ಅವರಿಗೆ ಮಳಿಗಾಲ ಮುಗಿಯೋದ್ರೊಳಗ ತಿಳಿದುಹೋತು.

ಆದ್ರ ಚಟ ಬಿಡ್ತದೇನು? ಒಂದು ಶನಿವಾರ ಹೊರಗ ಬಸ್ಸಿನ ಹಾರ್ನು ಕೇಳ್ತು. ಮಾಸ್ತರ ಒಂದು ಕಾಲು ತಾನಾಗೇ ಹೊರಗ ಹೋತು. ನಮ್ಮ ಸೀಮಿಯಾಗ ಮನಿ ಬಿಟ್ಟು ಹೊಂಡೋ ಮನುಷ್ಯಾ ಹೋಗ್ತೀನಿ ಅಂತಾನೇನು? ಹಂಗ ಅನ್ನಾಕ ಬರ್ತದೇನು? ಬರ್ತೀನಿ ಅಂತ ಹೇಳೇ ಹೋಗಬೇಕು. ಮಾಸ್ತರು ಚೀಲ ಹೆಗಲಿಗೆ ಏರಿಸಿಕೋತ ಟೈಪ್ ಮಾಡಿದ್ರು: "ಓಕೆ ಮೇಡಂ, ಐ ವಿಲ್ ಕಮ್."

ಮೆಹನಾಜ್ ಅಲ್ಲೇ ಇದ್ಲು. "ವೆನ್, ಸರ್?" ಅಂದ್ಲು.

ಮುಂದಿನ ಕ್ಲಾಸು ಯಾವಾಗ ಅಂತ ಕೇಳ್ತಾಳ ಅಂತ ತಿಳ್ಕೊಂಡು ಮಾಸ್ತರು "ಸ್ಯಾಟರ್ಡೆ" ಅಂತ ಹೊಡದು, ಕಂಪ್ಯೂಟರ್ ಬಂದ್ ಮಾಡಿ ಓಡಿದ್ರು. ಬಸ್ಸು ಸಿಕ್ತು. ಸೀಟೂ ಸಿಕ್ತು.

ಮುಂದಿನ ವಾರ ಎಲ್ಲಾ ಸುಸೂತ್ರ. ಚಾ ಆತು, ಮಾತಾತು, ಹೊಂಡೋವಾಗ ಮತ್ತ "ಐ ವಿಲ್ ಕಮ್" ಆತು. ಅದರ ಮುಂದಿನ ವಾರ ಮಾತ್ರ ಮಾಸ್ತರು ಊರೊಳಗ ಕಾಲಿಡೋದ ತಡ, ಬಾಯಿ ತೆರಿಯೋಕಿಂತ ಮೊದಲ ಎಮ್ಮಿ ಆದ್ರು.

"ವೈ?" ಅಂದ್ರು ಎಮ್ಮಿ.

"ಯು ಡಿಡ್ ನಾಟ್ ಕಮ್" ಅಂದ್ಲು ಅಧ್ಯಕ್ಷಿ.

ತಾವು ಕ್ಲಾಸಿಗೆ ತಡಾ ಆಗಿ ಬಂದಿದ್ದಕ್ಕ ಶಿಕ್ಷಾ ಅಂತ ಮಾಸ್ತರು ಒಪ್ಪಿಕೊಂಡ್ರು. "ಸಾರಿ. ಬಸ್ ಲೇಟ್. ಐ ವಿಲ್ ಶೂರ್ಲಿ ಕಮ್" ಅಂತ ಗೊಂದಲದ ಗಿಡಕ್ಕ ಇನ್ನೊಂದು ಕೊಡ ನೀರು ಹಾಕಿದ್ರು. ಸ್ವಪ್ನಾ ಟೀಚರು ಅವತ್ತು ಯಾಕೋ ಚಾ ಕೊಡಲಿಲ್ಲ.

ಆ ಸೋಮವಾರ ಹೆಡ್ ಮಾಸ್ತರಿಗೆ ಮಾನ್ವಿಯಿಂದ ಒಂದು ಫೋನು ಬಂತು.

"ನಾ ಅಂಬರೀಶ ಅಂತರಿ, ಮಾನ್ವಿಯಾಗ ನಮ್ಮದು ಅಕ್ಕಿ ಮಿಲ್ಲು. ನಿಮ್ಮ ಪಂಪಾಪತಿ ಮಾಸ್ತರು ಮಾನ್ವಿಗೆ ಬರೋದು ಖಾತ್ರಿ ಏನ್ರಿ? ಇಲ್ಲಿ ಎಲ್ಲಾ ತಯಾರಿ ಮಾಡ್ಕೊಂಡು ಕುಂತೀವಿ. ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ, ಒಂದು ಹೇಳಿಬಿಡಲಿ."

ಇಷ್ಟು ಕೇಳಿ ಬ್ಯಾರೆ ಯಾರಾದ್ರೂ ಆಗಿದ್ರ ಎದುರು ಒಂದು ಪ್ರಶ್ನಿ ಕೇಳ್ತಿದ್ರು. ವಿಠ್ಠಲಾಚಾರ್ಯರು ಕೇಳಲಿಲ್ಲ. ಇಡೀ ಆಯುಷ್ಯ ಸರ್ಕಾರಿ ನೌಕರಿ ಮಾಡಿದವರಿಗೆ ಒಬ್ಬ ಮನುಷ್ಯಾ ಒಂದು ಊರಿಂದ ಇನ್ನೊಂದು ಊರಿಗೆ ಬರ್ತಾನಂದ್ರ ಅದಕ್ಕ ಒಂದ ಅರ್ಥ, ವರ್ಗಾವಣಿ. ಅವರು ಮಾಸ್ತರನ್ನ ಒಳಗ ಕರದು ಬಾಗಲ ಮುಚ್ಚಿದ್ರು.

"ಏನ್ರಿ ಪಂಪಾಪತಿಯವರ, ಮಾನ್ವಿ ಸುದ್ದಿ ನನ್ನ ಕಿವಿಗೆ ಬಿತ್ತು."

ಮಾಸ್ತರು ಮುಚ್ಚಿದ ಬಾಗಲದ ಕಡಿ ನೋಡಿದ್ರು. ಸ್ವಪ್ನಾ ಟೀಚರ ಸಂಗತಿ ಹೆಡ್ ಮಾಸ್ತರಿಗೆ ಹ್ಯಾಂಗ ತಿಳೀತು?

"ಸರ್... ಇನ್ನಾ ಏನೂ ಪಕ್ಕಾ ಇಲ್ರಿ. ಯಾರ ಮುಂದೂ ಅನ್ನಬ್ಯಾಡ್ರಿ."

"ಎಷ್ಟು ದಿವಸದಿಂದ ನಡಸೀರಿ ಇದನ್ನ?"

"ಮಳಿಗಾಲದಿಂದ್ರಿ."

"ನಮಗೊಂದು ಮಾತು ಹೇಳಬಾರದೇನ್ರಿ? ಹೋಗ್ಲಿ, ಕೇಳಿಕೊಂಡೀರೇನು ಅವರಿಗೆ, ಸರಿಯಾಗಿ?"

"ಬಾಯಿಬಿಟ್ಟು ಕೇಳಿಲ್ರಿ. ಧೈರ್ಯ ಸಾಲವಲ್ದು."

"ಕೇಳದನ ಆಗಿಬಿಟ್ಟದ ಅಂದ್ರ ನಿಮ್ಮ ಪುಣ್ಯ! ಆ ಕಡಿಯವರು ಎಲ್ಲಾ ತಯಾರಿ ಮಾಡ್ಯಾರಂತ." ವಿಠ್ಠಲಾಚಾರ್ಯರ ಕಣ್ಣಾಗ ನೀರು ಬಂತು. "ಎಲ್ಲೇ ಇರ್ರಿ, ಚಂದಾಗಿರ್ರಿ."

ಮಾಸ್ತರು ಹೊರಗ ಬಂದ್ರು. ಆ ಕಡಿಯವರು ತಯಾರಿ ಮಾಡ್ಯಾರ? ಏನು ತಯಾರಿ? ನನ್ನನ್ನ ಹೊಡ್ಯಾಕೇನು? ವಾರವೆಲ್ಲಾ ನಿದ್ದಿ ಬರಲಿಲ್ಲ. ಬಸ್ಸಿನಾಗ ಸೀಟು ಸಿಕ್ಕರೂ ನಿಂತ ಹೋಗಾಕತ್ತರು. ಶನಿವಾರ ಯಾವಾಗ ಬರ್ತದ, ಟೀಚರನ್ನ ಯಾವಾಗ ಕೇಳೀನು ಅಂತ ತಹತಹಿಸಿದ್ರು. ಶನಿವಾರ ಬಂತು, ಮಾಸ್ತರ ಗೊಂಬಿ ಓಡಿಕೋತ ಕೆರಿ ದಂಡಿಗೆ ಹೋತು. ನೀಲಿ ಬಾಗಲ ಮುಚ್ಚಿತ್ತು. ಬಡದ್ರು, ತೆರೀಲಿಲ್ಲ. ಅಧ್ಯಕ್ಷಿ ಬಂದು ಮತ್ತ ಕೊಂಬು ಮೂಡಿಸಿದ್ಲು. ಕ್ಲಾಸು ಮುಗಿಯೋತನಕ ಮಾನದುರ್ಗದಾಗ ಒಂದು ಎಮ್ಮಿ ಮುಚ್ಚಿದ ಬಾಗಲ ಮುಂದ ನಿಂತಿತ್ತು. ಅವತ್ತು ಹುಡುಗರೂ ನಗಲಿಲ್ಲ.

ಆ ದುಃಖದಾಗ ಕಣ್ಣು ಒರಸಿಕೋತ ಹೊರಗ ಬಂದ್ರ, ಸಾಲಿ ಅಂಗಳದಾಗ ಶಾಮಿಯಾನ! ಕುರ್ಚಿ, ಮೈಕು, ಹಣ್ಣಿನ ಬುಟ್ಟಿ. ಮಾಸ್ತರ ಕೊಳ್ಳಿಗೆ ಚೆಂಡುಹೂವಿನ ಹಾರ ಬಿತ್ತು, ಮೈಮ್ಯಾಲ ಶಾಲು ಬಿತ್ತು. ಕಂಪ್ಯೂಟರ್ ಊರಿನ ಸಲುವಾಗಿ ಸನ್ಮಾನ ಇರಬೇಕು ಅಂತ ಮಾಸ್ತರು ತಲಿ ಬಗ್ಗಿಸಿ ಕುಂತ್ರು. ಡ್ರಿಲ್ ಮಾಸ್ತರು ಸುಭಾಷ್ ಮೈಕು ಹಿಡದು, "ಪಂಪಾಪತಿ ಸರ್ ಇಲ್ದ ಈ ಸಾಲಿ ಸಾಲಿನ ಅಲ್ಲ" ಅಂತ ಮೈಕು ಕೆಳಗಿಟ್ಟು ಕುಂತುಬಿಟ್ರು. ಅಡಿಗಿ ಮಾಡೋ ಬಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳಾಕತ್ತಿದ್ಲು. ಮಾಸ್ತರಿಗೆ ಗಾಬರಿ ಆತು. ತಾವು ಸತ್ತೀವೇನು ಅಂತ ಒಂದು ಗಳಿಗಿ ಕೈ ಚಿವುಟಿಕೊಂಡು ನೋಡಿದ್ರು.

"ಮಾನ್ವಿಯವರು ಪುಣ್ಯವಂತರು," ಅಂದ್ರು ವಿಠ್ಠಲಾಚಾರ್ಯರು. "ನಮ್ಮ ಮನಿ ದೀಪ ತಗೊಂಡು ಹೊಂಟಾರ."

ಅಷ್ಟರಾಗ ಗೇಟಿನಾಗ ಒಂದು ಗೂಡ್ಸ್ ಗಾಡಿ ಬಂದು ಗಕ್ಕನ ನಿಂತಿತು. ಮೈಯೆಲ್ಲಾ ಅಕ್ಕಿ ಧೂಳು ಬಡದಿದ್ದ ಒಬ್ಬ ದಪ್ಪ ಮೀಸಿಯಾಂವ ಇಳದು ಬಂದ. "ಪಂಪಾಪತಿ ಮಾಸ್ತರು ಯಾರ್ರಿ? ನಾ ಅಂಬರೀಶ. ಏಳ್ರಿ, ನಡೀರಿ ಮಾನ್ವಿಗೆ. ಇವತ್ತ ಬಿಟ್ಟು ಹೋಗಂಗಿಲ್ಲ ನಾ."

"ನೋಡ್ರಿ, ನೋಡ್ರಿ," ಅಂದ್ರು ವಿಠ್ಠಲಾಚಾರ್ಯರು ಮೈಕಿನಾಗ. "ಸಾಮಾನು ಒಯ್ಯಾಕ ಗಾಡಿನೂ ಕಳಿಸ್ಯಾರ! ನಮ್ಮ ಸರ್ವಿಸಿನಾಗ ಇಂಥಾ ಮರ್ಯಾದಿ ಯಾವ ವರ್ಗಾವಣಿಯಾಗೂ ಕಂಡಿಲ್ಲ."

ವರ್ಗಾವಣಿ! ಮಾಸ್ತರು "ಅಯ್ಯ, ಅಲ್ರಿ, ಕೇಳ್ರಿ" ಅನ್ನೋದ್ರೊಳಗ ಹುಡುಗರು ಚಪ್ಪಾಳಿ ಹೊಡದ್ರು, ಹಣ್ಣಿನ ಬುಟ್ಟಿ ಸಮೇತ ಅವರನ್ನ ಎತ್ತಿ ಗಾಡಿಯಾಗ ಕುಂದ್ರಿಸಿದ್ರು. ಗಾಡಿ ಹೊಂಟಿತು.

ಕಲ್ಮಲಾ ಕ್ರಾಸ್ ಬರೋತನಕ ಅಂಬರೀಶ ಗಾಡಿ ದಬಾಯಿಸಿದ. ಆಮ್ಯಾಲ ಒಮ್ಮೆಲೇ ಮಾತು ಶುರು ಮಾಡಿದ.

"ಅಲ್ರೀ ಮಾಸ್ತರ, ನಮ್ಮನ್ನ ಏನಂತ ತಿಳ್ಕೊಂಡೀರಿ? ಶನಿವಾರ ಬರ್ತೀನಿ ಅಂತೀರಿ. ನಮ್ಮವ್ವ ಹೋಳಿಗಿ ಮಾಡ್ತಾಳ. ನೀವು ಬರಂಗಿಲ್ಲ. ಮತ್ತ ಬರ್ತೀನಿ ಅಂತೀರಿ. ಮತ್ತ ಹೋಳಿಗಿ. ಬಸ್ ಸ್ಟ್ಯಾಂಡಿನಾಗ ನಿಂತು ನಿಂತು ನನ್ನ ಕಾಲು ಬಾತವು. ಓಣಿ ಮಂದಿ ಕೇಳಾಕತ್ತಾರ, ವರ ಬಂದನೇನು, ವರ ಬಂದನೇನು ಅಂತ. ಎರಡನೇ ಸಲ ನಮ್ಮ ಅಕ್ಕ ಹೊಸ ಸೀರಿ ಉಟ್ಕೊಂಡು ಕುಂತಿದ್ಲು, ಗೊತ್ತದೇನು ನಿಮಗ?"

"ನಿಮ್ಮ ಅಕ್ಕ ಅಂದ್ರ ಯಾರ್ರಿ?"

"ಯಾರು ಅಂದ್ರ? ಸ್ವಪ್ನಾ ರೀ! ಅಧ್ಯಕ್ಷಿ ಮೆಹನಾಜ್ ನಮ್ಮ ಓಣಿ ಹುಡುಗಿ. ಗಬ್ಬೂರು ಸರ್ ನಿಮ್ಮ ಮನಿಗೆ ಬರ್ತಾರಂತ, ಅವರ ಬಾಯಿಲೆ ಅಂದಾರಂತ ಆಕಿನ ಬಂದು ಹೇಳಿದ್ಲು."

ಮಾಸ್ತರಿಗೆ ಆವಾಗ ಎಲ್ಲಾ ಬೆಳಕಾತು. ಒಂದು ಬರ್ತೀನಿ ಇಲ್ಲಿ ಶಾಮಿಯಾನ ಹಾಕಿಸಿತ್ತು, ಅಲ್ಲಿ ಹೋಳಿಗಿ ಮಾಡಿಸಿತ್ತು. ಆದ್ರ ಅವರ ಕಿವಿಯಾಗ ಉಳಿದಿದ್ದು ಒಂದ ಮಾತು. ಹೊಸ ಸೀರಿ ಉಟ್ಕೊಂಡು ಕುಂತಿದ್ರು. ನನ್ನ ಸಲುವಾಗಿ. ನಾನು ಆ ಹೊತ್ತಿನಾಗ ರಾಯಚೂರಿನಾಗ ಸಂಡಿಗಿ ಕರ್ಕೊಂಡು ತಿನ್ನಾಕತ್ತಿದ್ದೆ. ಮಾಸ್ತರಿಗೆ ತಮ್ಮ ಮ್ಯಾಲ ತಮಗ ಸಿಟ್ಟು ಬಂತು.

ಮಾನ್ವಿ ಓಣಿಯಾಗ ಗಾಡಿ ನಿಂತಾಗ ಕಟ್ಟಿ ಮ್ಯಾಲೆಲ್ಲಾ ಮಂದಿ. ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತು ಇಳದ ಮಾಸ್ತರನ್ನ ನೋಡಿ ಮಗ್ಗಲ ಮನಿ ನಾಗವೇಣಿ ಗಲ್ಲದ ಮ್ಯಾಲ ಕೈ ಇಟ್ಟುಕೊಂಡ್ಲು.

"ಬಸವಂತಮ್ಮಾ, ಬಾ ಹೊರಗ! ನೋಡಾಕ ಬರ್ತಾನ ಅಂದಿದ್ದಿ, ಹಾರ ಹಾಕ್ಕೊಂಡ ಬಂದಾನ! ಇವತ್ತ ತಾಳಿ ಕಟ್ಟಿಹೋಗೋ ಲೆಕ್ಕ ಇದ್ದಂಗ ಅದ!"

ಸ್ವಪ್ನಾ ಟೀಚರ ತಾಯಿ ಬಸವಂತಮ್ಮ ಹಣಿಮ್ಯಾಲ ಇಷ್ಟು ದಪ್ಪ ವಿಭೂತಿ ಹಚ್ಚಿಕೊಂಡು ಬಾಗಲಕ್ಕ ಬಂದು ನಿಂತ್ಲು. ಸಿಟ್ಟು ಮಾಡಬೇಕಂತ ಬಂದಾಕಿ ಹಾರ ನೋಡಿ ಮೆತ್ತಗಾದ್ಲು. "ಬಾ ಯಪ್ಪಾ. ಅಂತೂ ಇಂತೂ ಬಂದಿ" ಅಂದ್ಲು. ಒಳಗ ಕರದು ಚಾಪಿ ಹಾಸಿದ್ಲು. ಮೂಲಿಯಾಗ ಮೆಹನಾಜ್ ಮೊದಲ ಬಂದು ಕುಂತಿದ್ಲು, ಎರಡೂ ಜಡಿ ಬಿಗಿದು ಕಟ್ಟಿಕೊಂಡು, ಥೇಟ್ ಅಧ್ಯಕ್ಷಿನ.

ಸ್ವಪ್ನಾ ಟೀಚರು ಒಳಗಿಂದ ಬಂದ್ರು. ಹೊಸ ಸೀರಿ ಉಟ್ಟಿದ್ದಿಲ್ಲ.

"ಯವ್ವಾ, ನಾ ಮೊದಲ ಸಲನ ಹೇಳೀನಿ. ಅದು ಹೋಗೋ ಬರ್ತೀನಿ, ಬರೋ ಬರ್ತೀನಿ ಅಲ್ಲ. ನೀನು ಕೇಳಲಿಲ್ಲ. ಆಮ್ಯಾಲ ನಿನ್ನ ಮಾತು ಕೇಳಿ ನಾನೂ ಹುಚ್ಚಿ ಆದೆ." ಮಾಸ್ತರ ಕಡಿ ತಿರುಗಿದ್ರು. ದನಿ ಸಣ್ಣಗಿತ್ತು. "ಸರ್, ನಿಮ್ಮನ್ನ ಇಲ್ಲಿಗೆ ಎಳಕೊಂಡು ಬಂದಿದ್ದಕ್ಕ ಮಾಫಿ ಇರಲಿ. ಒಂದ ಮಾತು ಹೇಳಿ ಹೋಗಿಬಿಡ್ರಿ. ಬರಾಕಂತ ಅಂದ್ರೋ, ಹೋಗಾಕಂತ ಅಂದ್ರೋ?"

ಮಾಸ್ತರು ವಿಚಾರ ಮಾಡಿದ್ರು. ಹೋಗಾಕಂತ ಅಂದ್ರ ಈ ಮನಿ ಮರ್ಯಾದಿ ಓಣಿ ಮುಂದ ಹೋಗ್ತದ. ಬರಾಕಂತ ಅಂದ್ರ ಸುಳ್ಳಾಗ್ತದ, ಸುಳ್ಳು ಈಕಿ ಮುಂದ ಹೇಳಾಕಾಗಂಗಿಲ್ಲ. ಕೈ ತಾನಾಗೇ ಗಡಿಯಾರದ ಕಡಿ ಹೋತು.

"ಬಸ್..." ಅಂದ್ರು.

"ಬಸ್ಸಿನ ಹೆಸರು ಎತ್ತಿದ್ರ ನೋಡ್ರಿ ಮತ್ತ!" ಅಂದ ಅಂಬರೀಶ.

ಮೆಹನಾಜ್ ಎದ್ದು ನಿಂತ್ಲು. "ಇದು ಮಾನದುರ್ಗದ ಕೇಸ್ ಅದರಿ. ಅಲ್ಲಿ ಕಾಯ್ದೇನ ನಡೀಬೇಕು. ಸರ್, ಇನ್ ಇಂಗ್ಲಿಷ್ ಪ್ಲೀಸ್."

ಸತ್ಯಾನಾಶ ಆತು ಅಂದುಕೊಂಡ್ರು ಮಾಸ್ತರು. ಕೀಬೋರ್ಡ್ ಇಲ್ಲ, ಗೊಂಬಿ ಇಲ್ಲ, ಕೊಂಬೂ ಇಲ್ಲ. ಓಣಿ ಮಂದಿ ಕಿಟಕಿಯಾಗ ಇಣುಕಾಕತ್ತಾರ. ಮಾಸ್ತರು ಚೀಲ ಕೆಳಗಿಟ್ರು. ಹುಟ್ಟಿದಾಗಿನಿಂದ ಮೊದಲನೇ ಸಲ, ಬಾಯಿಲೆ, ಎಲ್ಲರ ಎದುರಿಗೆ ಇಂಗ್ಲಿಷು ಆಡಿದ್ರು.

"ಐ... ಐ ಸೆಡ್ ಕಮ್. ಐ ವಾಸ್ ಗೋಯಿಂಗ್." ಕೆಳಗಿಟ್ಟ ಚೀಲದ ಕಡಿ ಒಮ್ಮೆ ನೋಡಿದ್ರು. "ಬಟ್ ಐ ಡಿಡ್ ನಾಟ್ ವಾಂಟ್ ಟು ಗೋ. ಎನಿ ಸ್ಯಾಟರ್ಡೆ."

ಬಸವಂತಮ್ಮ ಮೆಹನಾಜ್‌ಳ ಭುಜ ತಿವಿದ್ಲು. "ಏನಂತಾನಬೇ ಅಂವ?"

"ಅಜ್ಜೀ, ಬರ್ತೀನಿ ಅಂದಾರ, ಆದ್ರ ಹೊಂಟಿದ್ರಂತ. ಹೊಂಟಿದ್ರೂ ಹೋಗಾಕ ಮನಸ ಇದ್ದಿಲ್ಲಂತ. ಯಾವ ಶನಿವಾರನೂ ಇದ್ದಿಲ್ಲಂತ."

"ಮೆಹನಾಜ್," ಅಂದ್ರು ಸ್ವಪ್ನಾ ಟೀಚರು, ಸೆರಗಿನ ತುದಿಲೆ ಕಣ್ಣು ಒರಸಿಕೋತ, "ಇಂಗ್ಲಿಷನ್ನ ಕನ್ನಡದಾಗ ಸುರುವಿದಿ. ಎಮ್ಮಿ ಆಗು."

ಅಧ್ಯಕ್ಷಿ ನಾಲಿಗಿ ಕಚ್ಚಿಕೊಂಡ್ಲು. ಮೊದಲು ನಕ್ಕಾಕಿ ನಾಗವೇಣಿ, ಕಿಟಕಿಯಾಗಿಂದ. ಆಮ್ಯಾಲ ಅಂಬರೀಶ ನಕ್ಕ, ಮೀಸಿಯಾಗಿನ ಅಕ್ಕಿ ಧೂಳು ಉದುರಿತು. ಬಸವಂತಮ್ಮ ಏನೂ ತಿಳೀದಿದ್ರೂ ಮಂದಿ ನಗಾಕತ್ತಾರಂತ ತಾನೂ ನಕ್ಕು, ಒಳಗ ಹೋಗಿ ಹೋಳಿಗಿ ತಂದ್ಲು. ಮ್ಯಾಲ ತುಪ್ಪ ಸುರುವಿದ್ಲು. ಮಾಸ್ತರು ಎರಡೂ ಕಾಲು ಒಳಗ ಮಡಚಿಕೊಂಡು ಚಕ್ಕಂಬಕ್ಕಳ ಹಾಕಿ ಕುಂತು ಉಂಡ್ರು. ಬ್ಯಾಡ ಬ್ಯಾಡ ಅಂದ್ರೂ ಆಕಿ ಬಿಡಲಿಲ್ಲ, ಹಿಂದಿನ ವಾರದ ಪಾಲನ್ನೂ ಸೇರಿಸಿ ಬಡಿಸಿದ್ಲು. ಸೋಮವಾರ ವಿಠ್ಠಲಾಚಾರ್ಯರಿಗೆ ಶಾಲು ತಿರುಗಿ ಹ್ಯಾಂಗ ಕೊಡಬೇಕು ಅನ್ನೋದು ಒಂದೆರಡು ಸಲ ನೆನಪಾತು, ಆದ್ರ ಬಾಯಿಯಾಗ ಹೂರಣ ಇತ್ತು.

ಸಂಜಿ ಆತು. ದೊಡ್ಡ ರಸ್ತಾದ ಕಡಿಯಿಂದ ರಾಯಚೂರು ಬಸ್ಸಿನ ಹಾರ್ನು ಕೇಳ್ತು. ಮಾಸ್ತರು ದಿಗ್ಗನ ಎದ್ರು. ಚೀಲ ಹೆಗಲಿಗೆ ಬಿತ್ತು, ಕಾಲು ಚಪ್ಪಲಿ ಹುಡುಕಿತು, ಬಾಯಿ ತಾನಾಗೇ ಅಂದಿತು:

"ಬರ್ತೀನ್ರಿ."

ಅಂಬರೀಶ ಮೀಸಿ ಮ್ಯಾಲಿನ ಕೈ ಅಲ್ಲೇ ಬಿಟ್ಟ. ಬಸವಂತಮ್ಮ ತುಪ್ಪದ ಗಿಂಡಿ ಕೆಳಗಿಟ್ಟು ಬಾಗಲಕ್ಕ ಅಡ್ಡ ಬಂದು ನಿಂತ್ಲು.

"ತಡಿ ಯಪ್ಪಾ. ಇದು ಯಾವ ಬರ್ತೀನಿ? ಕನ್ನಡದ್ದೋ, ಇಂಗ್ಲಿಷಿಂದೋ?"

ಹೊರಗ ಹಾರ್ನು ಇನ್ನೊಮ್ಮೆ ಆತು. ಮಾಸ್ತರು ಸ್ವಪ್ನಾ ಟೀಚರ ಮಕಾ ನೋಡಿದ್ರು. ಅವರು ಉಂಡ ತಾಟು ಎತ್ತಾಕಂತ ಬಗ್ಗಿದ್ದವರು ಹಂಗ ನಿಂತಿದ್ರು, ತಾಟು ಕೈಯಾಗ.

"ಇಂಗ್ಲಿಷಿಂದ್ರಿ," ಅಂದ್ರು ಮಾಸ್ತರು.

ಮೂಲಿಯಾಗಿಂದ ಎಮ್ಮಿ ತಲಿ ಎತ್ತಿತು. "ವೆನ್, ಸರ್?"

ಮಾಸ್ತರು ಬಾಯಿ ತೆರಿಯೋದ್ರೊಳಗ ಸ್ವಪ್ನಾ ಟೀಚರ ಅಂದುಬಿಟ್ರು: "ಸ್ಯಾಟರ್ಡೆ."

ಅಷ್ಟೊತ್ತಿಗೆ ಬಸ್ಸು ಹೋಗಿತ್ತು. ಯಾರೂ ಓಡಲಿಲ್ಲ.